ದವಡೆ ಹಲ್ಲು ಮತ್ತು ಉದ್ದೇಶದ ಪ್ರಶ್ನೆ

ಬಾಚಿಹಲ್ಲು ತುತ್ತನ್ನು ಕತ್ತರಿಸುತ್ತದೆ, ದವಡೆ ಹಲ್ಲು ಅದನ್ನು ಅರೆಯುತ್ತದೆ. ದವಡೆ ಹಲ್ಲಿನ ಮೇಲ್ಮೈ ಅಗಲ. ಮೇಲಿನ ಹಲ್ಲಿನ ಉಬ್ಬು ಕೆಳಗಿನದರ ತಗ್ಗಿನಲ್ಲಿ ಕೂರುತ್ತದೆ. ದವಡೆಯ ಕೀಲು ಹತ್ತಿರವಿರುವುದರಿಂದ ಕಚ್ಚುವ ಬಲವೂ ಅಲ್ಲೇ ಹೆಚ್ಚು. ಇಷ್ಟು ಹೊಂದಿಕೆ ಅರೆಯುವ ಉದ್ದೇಶಕ್ಕಾಗಿಯೇ ಉಂಟಾಯಿತೋ, ತಾನಾಗಿ ಕೂಡಿಬಂತೋ? ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಅರಿಸ್ಟಾಟಲ್ ‘ಫಿಸಿಕ್ಸ್’ ಗ್ರಂಥದ ಎರಡನೆಯ ಭಾಗದಲ್ಲಿ ಹಲ್ಲುಗಳನ್ನೇ ಉದಾಹರಣೆಯಾಗಿಟ್ಟು ಈ ಪ್ರಶ್ನೆ ಎತ್ತಿದ.

ಮೊದಲು ಅವನು ಎದುರಾಳಿಯ ವಾದವನ್ನು ಪೂರ್ಣ ಬಲದಲ್ಲಿ ಮಂಡಿಸುತ್ತಾನೆ. ಮಳೆ ಬೀಳುವುದು ಪೈರು ಬೆಳೆಯಲೆಂದಲ್ಲ. ಮೇಲೇರಿದ ಆವಿ ತಣಿದು ನೀರಾಗಲೇಬೇಕು, ಪೈರು ಬೆಳೆಯುವುದು ಅದರ ಜೊತೆಗೆ ಆಗುವ ಸಂಗತಿ. ಹಲ್ಲುಗಳೂ ಹಾಗೆಯೇ ಏಕಾಗಿರಬಾರದು? ಅವನಿಗಿಂತ ಹಿಂದಿನ ತತ್ತ್ವಜ್ಞ ಎಂಪೆಡೊಕ್ಲಿಸ್ ಹೇಳಿದಂತೆ, ಆಕಸ್ಮಿಕವಾಗಿ ಸರಿಹೊಂದಿದವು ಉಳಿದವು, ಹೊಂದದವು ಅಳಿದವು. ಅರಿಸ್ಟಾಟಲ್‌ನ ಉತ್ತರ: ಆಕಸ್ಮಿಕವಾದದ್ದು ಎಂದೋ ಒಮ್ಮೆ ನಡೆಯುತ್ತದೆ, ಹಲ್ಲುಗಳಾದರೋ ಎಲ್ಲರಲ್ಲೂ ಹೆಚ್ಚುಕಡಿಮೆ ಹೀಗೆಯೇ ಹುಟ್ಟುತ್ತವೆ. ಆದ್ದರಿಂದ ಅವು ಒಂದು ಉದ್ದೇಶಕ್ಕಾಗಿ ಇವೆ. ಆದರೆ ಆ ಉದ್ದೇಶವನ್ನು ಯಾರೋ ಕುಳಿತು ಯೋಚಿಸಬೇಕಿಲ್ಲ. ಜೇಡ ಆಲೋಚಿಸದೆಯೇ ಬಲೆ ನೇಯುತ್ತದೆ, ಬೇರು ಆಲೋಚಿಸದೆಯೇ ನೆಲಕ್ಕಿಳಿಯುತ್ತದೆ. ಅವನ ವಾದದ ಅತ್ಯಂತ ಸೂಕ್ಷ್ಮವಾದ ಅಂಶ ಇದೇ. ಮುಂದೆ ಅಂಗರಚನೆಯಿಂದ ಸೃಷ್ಟಿಕರ್ತನನ್ನು ಸಾಧಿಸಹೊರಟವರು ಇದನ್ನು ಕೈಬಿಟ್ಟರು. ಅವರಲ್ಲಿ ಹೆಸರಾದ ವಿಲಿಯಂ ಪೇಲಿಯ ಕೃತಿ ಬಂದದ್ದು 1802ರಲ್ಲಿ.

ಡಾರ್ವಿನ್ ‘ಜೀವಜಾತಿಗಳ ಉಗಮ’ದ ನಂತರದ ಆವೃತ್ತಿಗಳಲ್ಲಿ ಈ ಹಲ್ಲಿನ ಭಾಗವನ್ನು ಉಲ್ಲೇಖಿಸಿದ, ಆದರೆ ಅರಿಸ್ಟಾಟಲ್ ಖಂಡಿಸಲೆಂದು ಹೇಳಿದ್ದನ್ನು ಅವನದೇ ಮತವೆಂದು ಭಾವಿಸಿದ. ಡಾರ್ವಿನ್‌ನ ಸಿದ್ಧಾಂತದಲ್ಲಿ ಎಂಪೆಡೊಕ್ಲಿಸನ ಕಲ್ಪನೆಗೆ ಸಿಕ್ಕಿರದ ಆಧಾರವಿತ್ತು: ಆನುವಂಶಿಕತೆ. ಸಣ್ಣ ವ್ಯತ್ಯಾಸಗಳು ಆಕಸ್ಮಿಕವಾದರೂ ಉಪಯುಕ್ತವಾದವು ಪೀಳಿಗೆಯಿಂದ ಪೀಳಿಗೆಗೆ ಇಳಿದು ಸಾಮಾನ್ಯವಾಗುತ್ತವೆ. ಕ್ರಮಬದ್ಧವಾದದ್ದೆಲ್ಲ ಆಕಸ್ಮಿಕವಲ್ಲದಿದ್ದರೆ ಉದ್ದೇಶಪೂರ್ವಕವೇ ಆಗಿರಬೇಕು ಎಂಬ ಕವಲು ಇಲ್ಲಿ ಮುರಿಯುತ್ತದೆ.

ಆದರೂ ‘ಅರೆಯಲಿಕ್ಕೆ’ ಎಂಬ ಮಾತು ಸುಳ್ಳಾಗುವುದಿಲ್ಲ. ಪೂರ್ವಜರ ಹಲ್ಲು ಅರೆದದ್ದರಿಂದಲೇ ಇಂದಿನ ಹಲ್ಲು ಈ ಆಕಾರದಲ್ಲಿದೆ; ಆ ಅರ್ಥದಲ್ಲಿ ಅರೆಯುವುದು ಅದರ ಕಾರ್ಯವೇ. 1973ರಲ್ಲಿ ಲ್ಯಾರಿ ರೈಟ್ ಎಂಬ ತತ್ತ್ವಜ್ಞ ಅಂಗಗಳ ಕಾರ್ಯವನ್ನು ಹೆಚ್ಚುಕಡಿಮೆ ಹೀಗೆಯೇ ವಿವರಿಸಿದ: ಅಂಗವು ಮಾಡುವ ಕೆಲಸವೇ ಅದು ಅಲ್ಲಿರುವುದಕ್ಕೆ ಕಾರಣ.

ಕೊನೆಯ ದವಡೆ ಹಲ್ಲು ಮಾತ್ರ ಎರಡೂ ವಿವರಣೆಗಳನ್ನು ಪರೀಕ್ಷೆಗೊಡ್ಡುತ್ತದೆ. ಅದು ಕೆಲವರಲ್ಲಿ ಹುಟ್ಟುವುದೇ ಇಲ್ಲ, ಕೆಲವರಲ್ಲಿ ಅಡ್ಡಲಾಗಿ ಸಿಕ್ಕಿಕೊಂಡು ನೋಯಿಸುತ್ತದೆ. ಅದು ತಡವಾಗಿ ನೋವಿನೊಡನೆ ಬರುವುದನ್ನು ಅರಿಸ್ಟಾಟಲ್ ಸ್ವತಃ ಬರೆದಿಟ್ಟಿದ್ದಾನೆ. ಹೆಚ್ಚುಕಡಿಮೆ ಯಾವಾಗಲೂ ಹೀಗೆಯೇ ಎಂಬ ಅವನ ಅಳತೆಗೆ ಅದು ಸುಲಭವಾಗಿ ಒಗ್ಗದು. ವಂಶಚರಿತ್ರೆಯ ವಿವರಣೆಯಲ್ಲಿ ಅದಕ್ಕೆ ಜಾಗವಿದೆ: ಒರಟು ಆಹಾರ ಅಗಿದ ಪೂರ್ವಜರಿಗೆ ಒದಗಿದ ಹಲ್ಲು ಇಂದಿನ ಚಿಕ್ಕ ದವಡೆಯಲ್ಲೂ ಹುಟ್ಟುತ್ತಿದೆ.