ಹಿತ್ತಿಲ ಕಾಯಕ

ಮನೆಯ ಮುಂಬಾಗಿಲನ್ನು ಗುಡಿಸಿ ಸಾರಿಸಿ ರಂಗವಲ್ಲಿಯಿಡುವುದು ಎಲ್ಲರಿಗೂ ಪ್ರಿಯವಾದ ಕೆಲಸ. ದೇವರ ಕೋಣೆಯನ್ನು ತೊಳೆಯುವುದು ಪುಣ್ಯವೆಂದು ಎಣಿಸಲ್ಪಟ್ಟ ಕೆಲಸ. ಅದೇ ಮನೆಯ ಹಿತ್ತಿಲಿನಲ್ಲಿ ಶೌಚಗೃಹವೆಂಬುದೊಂದು ಇರುವುದಷ್ಟೆ. ಅದು ಕಟ್ಟಿಕೊಂಡಾಗ, ಅದರ ಕೊಳವೆ ಸೋರಿದಾಗ, ಅದರ ಬೇಸಿನ್ನು ಬಿರುಕು ಬಿಟ್ಟಾಗ ಯಜಮಾನನು ಮೂಗು ಮುಚ್ಚಿಕೊಂಡು ದೂರ ಸರಿಯುವನು. ಸರಿಪಡಿಸುವವನು ಎಲ್ಲಿಂದಲಾದರೂ ಬರಲೆಂದು ಕಾಯುವನು. ಬಂದವನನ್ನು ಹಿಂಬಾಗಿಲಿನಿಂದ ಕರೆದು, ಏಕವಚನದಲ್ಲಿ ಮಾತನಾಡಿಸಿ, ಬೇರೊಂದು ಲೋಟದಲ್ಲಿ ನೀರು ಕೊಟ್ಟು ಕಳುಹಿಸುವನು. ಆಮೇಲೆ ಮಿಂದು ಪೂಜೆಗೆ ಕುಳಿತುಕೊಳ್ಳುವನು. ಕಾಯಕತತ್ತ್ವವನ್ನು ಒಪ್ಪಿದವನಿಗೆ ಈ ನಡತೆ ಸಲ್ಲುವುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಮೊದಲು ಶಬ್ದವನ್ನೇ ನೋಡಬಹುದು. ‘ಶೌಚ’ವೆಂಬುದು ‘ಶುಚಿ’ ಶಬ್ದದಿಂದ ಹುಟ್ಟಿದ ಭಾವವಾಚಕ. ಶುಚ್ ಧಾತುವಿಗೆ ಬೆಳಗುವುದೆಂಬ ಅರ್ಥವುಂಟು. ಶುಚಿಯೆಂಬುದು ಅಗ್ನಿಗೂ ಹೆಸರು. ಹಾಗಿರಲು ಶೌಚಗೃಹವೆಂದರೆ ನಿರ್ಮಲತೆಯ ಮನೆಯೆಂದೇ ಆಗಬೇಕು. ವ್ಯವಹಾರದಲ್ಲಿ ಅದು ಹೇಸಿಗೆಯ ಮನೆಯಾಗಿದೆ. ಭರತಮುನಿಯು ಜುಗುಪ್ಸೆಯನ್ನು ಬೀಭತ್ಸರಸಕ್ಕೆ ಸ್ಥಾಯಿಭಾವವೆಂದು ಹೇಳಿದನು. ಜುಗುಪ್ಸೆಯು ಮನುಷ್ಯನಿಗೆ ಸಹಜವಾದುದು. ದುರ್ಗಂಧದಿಂದಲೂ ರೋಗದಿಂದಲೂ ದೂರವಿರಿಸಿ ಅದು ದೇಹವನ್ನು ಕಾಯುತ್ತದೆ. ಆದರೆ ವಸ್ತುವಿನ ಮೇಲೆ ಹುಟ್ಟಿದ ಆ ಭಾವವು ಅದನ್ನು ತೊಳೆದ ಮನುಷ್ಯನ ಮೇಲೆ ಹೋಗಿ ಕುಳಿತಾಗ ಪಾಪವಾಗಿ ಪರಿಣಮಿಸುತ್ತದೆ. ಮಲವು ಯಾರದು? ತನ್ನದು. ಹೇಸಿಗೆಯು ಯಾರ ಪಾಲಿಗೆ? ತೊಳೆದವನ ಪಾಲಿಗೆ! ಇದಕ್ಕಿಂತ ವಿಪರೀತವಾದ ನ್ಯಾಯವು ಇನ್ನಾವುದಿದೆ?

ಈ ವಿಪರೀತ ನ್ಯಾಯವು ನಾಡಿನಲ್ಲಿ ಬಹುಕಾಲ ನಡೆದುಬಂದಿತು. ಕರ್ನಾಟಕದಲ್ಲಿ ಮಲವನ್ನು ತಲೆಯ ಮೇಲೆ ಹೊರಿಸುವ ಪದ್ಧತಿಯನ್ನು ನಿಲ್ಲಿಸಲು 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮುಂದಾದರು. ದೇಶಕ್ಕೆಲ್ಲ 1993ರಲ್ಲಿ ಒಂದು ಕಾನೂನೂ 2013ರಲ್ಲಿ ಇನ್ನಷ್ಟು ಬಿಗಿಯಾದ ಮತ್ತೊಂದು ಕಾನೂನೂ ಆದುವು. ಈ ಎರಡರ ನಡುವೆ, 2010ರಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮನ್ನು ವಾಸಸ್ಥಳದಿಂದ ಎಬ್ಬಿಸಹೊರಟುದನ್ನು ಪ್ರತಿಭಟಿಸಿ ತಮ್ಮ ಮೈಮೇಲೆಯೇ ಮಲವನ್ನು ಸುರಿದುಕೊಂಡರು. ಊರಿನವರ ಹೊಲಸನ್ನು ಊರಿಗೆ ತೋರಿಸಲು ಅವರಿಗೆ ಬೇರೆ ದಾರಿಯಿರಲಿಲ್ಲ. ಕಾನೂನು ಬುಟ್ಟಿಯನ್ನು ತಲೆಯಿಂದ ಇಳಿಸಬಲ್ಲದು. ಮನಸ್ಸಿನೊಳಗಿನ ಹೇಸಿಗೆಯನ್ನು ಇಳಿಸಬೇಕಾದವನು ಗೃಹಸ್ಥನೇ.

ಹನ್ನೆರಡನೆಯ ಶತಮಾನದ ಶರಣರು ಈ ವಿಷಯದಲ್ಲಿ ಮಾರ್ಗದರ್ಶಕರಾಗಿದ್ದಾರೆ. ಸತ್ಯಕ್ಕನು ಕೈಗೊಂಡ ಕಾಯಕವು ಅಂಗಳದ ಕಸ ಗುಡಿಸುವುದು. ನುಲಿಯ ಚಂದಯ್ಯನು ಹುಲ್ಲು ಕೊಯ್ದು ಹಗ್ಗ ಹೊಸೆದನು. ಆಯ್ದಕ್ಕಿ ಮಾರಯ್ಯನು ಚೆಲ್ಲಿದ ಅಕ್ಕಿಯನ್ನು ಆಯ್ದು ತಂದನು. ಇವರಾರನ್ನೂ ಅವರ ಕೆಲಸವು ಕೀಳುಮಾಡಲಿಲ್ಲ; ಇವರೇ ತಮ್ಮ ಕೆಲಸವನ್ನು ಮೇಲಕ್ಕೆತ್ತಿದರು. ಇಷ್ಟಲಿಂಗವನ್ನು ಧರಿಸುವ ದೇಹವೇ ಮಲವನ್ನೂ ಧರಿಸಿಕೊಂಡಿರುವುದು. ಆ ದೇಹದ ಒಂದು ಧರ್ಮವನ್ನು ಒಪ್ಪಿ ಇನ್ನೊಂದರ ಹೊಣೆಯನ್ನು ನೆರೆಯವನ ಮೇಲೆ ಹೊರಿಸುವುದು ಶರಣಮಾರ್ಗವಾಗಲಾರದು.

ಇನ್ನು ಕೆಲಸದ ಸ್ವರೂಪವನ್ನು ನೋಡಿದರೆ, ಅದರಲ್ಲಿ ಬುದ್ಧಿಗೂ ಕೈಗೂ ಸಾಕಷ್ಟು ಅಭ್ಯಾಸವಿದೆ. ಹಳ್ಳಿಯ ಮನೆಗೆ ಒಪ್ಪುವ ಎರಡು ಗುಂಡಿಯ ಶೌಚಗೃಹವನ್ನು ಗೃಹಸ್ಥನು ಗಾರೆಯವನ ಜೊತೆ ನಿಂತು ತಾನೇ ಕಟ್ಟಿಕೊಳ್ಳಬಹುದು. ಗುಂಡಿಯು ಕುಡಿಯುವ ನೀರಿನ ಬಾವಿಯಿಂದ 10 ಮೀಟರಿಗೆ ಕಡಮೆಯಿಲ್ಲದಷ್ಟು ದೂರವಿರಬೇಕು. ಒಳಗೋಡೆಗೆ ಗಾರೆ ಮೆತ್ತದೆ, ಇಟ್ಟಿಗೆಗಳ ನಡುವೆ ಕಿಂಡಿಗಳನ್ನು ಬಿಟ್ಟು, ತಳವನ್ನು ಮಣ್ಣಾಗಿಯೇ ಉಳಿಸಬೇಕು. ನೀರೂ ಅನಿಲವೂ ಮಣ್ಣಿನಲ್ಲಿ ಇಂಗುವುವು. ಬೇಸಿನ್ನನ್ನು ರಸಮಟ್ಟವಿಟ್ಟು ಸಮನಾಗಿ ಕೂರಿಸಬೇಕು. ಅದರ ಕೆಳಗಿನ ಬಾಗಿದ ಕೊಳವೆಯಲ್ಲಿ 20 ಮಿಲಿಮೀಟರಿನಷ್ಟು ನೀರು ನಿಂತರೆ ದುರ್ಗಂಧವು ಮೇಲೇರದು. ಇಳಿಜಾರು ಚೆನ್ನಾಗಿದ್ದರೆ ಒಂದೂವರೆ ಎರಡು ಲೀಟರ್ ನೀರೇ ಸಾಕಾಗುವುದು. ಒಂದು ಕಾಲಕ್ಕೆ ಒಂದೇ ಗುಂಡಿಗೆ ದಾರಿ ತೆರೆದಿರಬೇಕು. ಎರಡನ್ನೂ ಒಟ್ಟಿಗೆ ತೆರೆದಿಡುವುದು ಹಲವೆಡೆ ಕಾಣುವ ತಪ್ಪು. ಆಗ ಯಾವ ಗುಂಡಿಯೂ ಒಣಗದು. ಮೊದಲನೆಯದು ತುಂಬಿದ ಮೇಲೆ ಅದನ್ನು ಮುಚ್ಚಿ ಎರಡು ವರ್ಷ ಬಿಟ್ಟರೆ ಒಳಗಿನದೆಲ್ಲ ವಾಸನೆಯಿಲ್ಲದ ಒಣಗೊಬ್ಬರವಾಗುವುದು. ಪಟ್ಟಣದ ಮನೆಯಲ್ಲಿ ಫ್ಲಷ್ ಟ್ಯಾಂಕು ಸೋರುವುದೆಂಬ ಸಂಶಯವಿದ್ದರೆ ಅದರ ನೀರಿಗೆ ಸ್ವಲ್ಪ ಬಣ್ಣ ಹಾಕಿ ಕಾಲು ಗಂಟೆ ಕಾಯಬೇಕು. ಕೆಳಗೆ ಬಣ್ಣ ಕಂಡರೆ ಒಳಗಿನ ರಬ್ಬರು ಸವೆದಿದೆಯೆಂದು ತಿಳಿದು ಅದನ್ನು ಬದಲಿಸಿದರಾಯಿತು.

2017ರ ಫೆಬ್ರವರಿಯಲ್ಲಿ ತೆಲಂಗಾಣದ ಗಂಗದೇವಿಪಲ್ಲಿಯಲ್ಲಿ ಕೇಂದ್ರಸರ್ಕಾರದ ಕುಡಿಯುವ ನೀರು ಮತ್ತು ನೈರ್ಮಲ್ಯ ಕಾರ್ಯದರ್ಶಿಗಳಾಗಿದ್ದ ಪರಮೇಶ್ವರನ್ ಅಯ್ಯರ್ ಅವರು ಇಂಥ ಗುಂಡಿಯೊಂದಕ್ಕೆ ಸ್ವತಃ ಇಳಿದು ಗೊಬ್ಬರವನ್ನು ಮೇಲೆತ್ತಿದರು. ಒಬ್ಬ ಹಿರಿಯ ಅಧಿಕಾರಿಯು ಗುಂಡಿಗೆ ಇಳಿದುದು ಸುದ್ದಿಯಾಯಿತು. ಅದು ಸುದ್ದಿಯಾದುದೇ ಸಮಾಜದ ರೋಗಕ್ಕೆ ಸಾಕ್ಷಿ. ತಲೆಮಾರುಗಳಿಂದ ಬೇರೆಯವರು ಇಳಿಯುತ್ತಿದ್ದಾಗ ಅದು ಯಾರಿಗೂ ಸುದ್ದಿಯಾಗಿರಲಿಲ್ಲ.

ಇಲ್ಲಿ ಎರಡು ಶಂಕೆಗಳು ಹುಟ್ಟಬಹುದು. ಎಲ್ಲರೂ ತಮ್ಮ ಕೆಲಸವನ್ನು ತಾವೇ ಮಾಡಿಕೊಂಡರೆ ಆ ಕಸುಬಿನಿಂದ ಬಾಳುವವನ ಅನ್ನಕ್ಕೆ ಕಲ್ಲು ಬೀಳದೇ ಎಂಬುದು ಮೊದಲನೆಯದು. ಸಮಾಧಾನವಿಷ್ಟೆ: ತಿಳಿವಳಿಕೆ ಸಾಲದೆಂದು ಕುಶಲನನ್ನು ಕರೆಯುವುದು ಬೇರೆ, ಹೇಸಿ ಕರೆಯುವುದು ಬೇರೆ. ಒಮ್ಮೆಯಾದರೂ ತನ್ನ ಕೈಯಿಂದ ಕಟ್ಟು ಬಿಡಿಸಿದವನಿಗೆ ಆ ಕೆಲಸದ ಕಷ್ಟವೂ ಅದರ ಬೆಲೆಯೂ ತಿಳಿಯುವುವು. ಅಂಥವನು ಕೂಲಿಗೆ ಚೌಕಾಸಿ ಮಾಡಲಾರನು. ಬಂದವನನ್ನು ಜಗಲಿಯ ಮೇಲೆ ಕೂರಿಸಿ, ಮನೆಯವರ ಲೋಟದಲ್ಲಿಯೇ ನೀರು ಕೊಟ್ಟಾನು.

ಎಲ್ಲವನ್ನೂ ಸ್ವಹಸ್ತದಿಂದಲೇ ಮಾಡಬೇಕೇ ಎಂಬುದು ಎರಡನೆಯ ಶಂಕೆ. ಮಾಡಬಾರದುದೂ ಒಂದುಂಟು. ಮುಚ್ಚಿದ ಸೆಪ್ಟಿಕ್ ಟ್ಯಾಂಕಿನಲ್ಲಿ ವಿಷಾನಿಲವು ತುಂಬಿರುತ್ತದೆ. ಇಳಿದವನು ಕ್ಷಣಮಾತ್ರದಲ್ಲಿ ಎಚ್ಚರ ತಪ್ಪಿ ಬೀಳುವನು, ಅವನನ್ನು ಎತ್ತಲು ಇಳಿದವನೂ ಸಾಯುವನು. ಅದರೊಳಕ್ಕೆ ತಾನೂ ಇಳಿಯಬಾರದು, ಹಣ ಕೊಟ್ಟು ಇನ್ನೊಬ್ಬನನ್ನೂ ಇಳಿಸಬಾರದು. ಯಂತ್ರವಿರುವ ವಾಹನವನ್ನೇ ಕರೆಸಬೇಕು. ಹೀಗೆ ಸತ್ತವರ ಕುಟುಂಬಕ್ಕೆ ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ 10 ಲಕ್ಷ ರೂಪಾಯಿಗಳ ಪರಿಹಾರವನ್ನು ವಿಧಿಸಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಹಣದ ಮೊತ್ತವು ಏರಿತೆಂದು ಹೋದ ಪ್ರಾಣವು ಮರಳಿ ಬಂದುದಿಲ್ಲ.

ಆದುದರಿಂದ ಗೃಹಸ್ಥನು ತನ್ನನ್ನು ತಾನೇ ಕೇಳಿಕೊಳ್ಳತಕ್ಕ ಪ್ರಶ್ನೆಯೊಂದಿದೆ: ತನ್ನ ಮಗನನ್ನು ಹಚ್ಚಲಾರದ ಕೆಲಸಕ್ಕೆ ಇನ್ನೊಬ್ಬರ ಮಗನನ್ನು ಹಚ್ಚಬಹುದೇ? ಅಪಾಯದ ಕೆಲಸವಾದರೆ ಯಾರ ಮಗನೂ ಮಾಡಬೇಕಾಗಿಲ್ಲ. ಹೇಸಿಗೆಯ ಕೆಲಸವಷ್ಟೇ ಆದರೆ ತನ್ನ ಮಗನೂ ಮಾಡಬಹುದು, ಅವನಿಗಿಂತ ಮೊದಲು ತಾನೂ ಮಾಡಬಹುದು. ಹಾಗೆ ಹಿತ್ತಿಲನ್ನು ತೊಳೆದು ಬಂದ ಕೈಗಳು ಸಾಬೂನಿನಿಂದ ಶುದ್ಧವಾಗುವುವು. ಅದನ್ನು ತೊಳೆದವನನ್ನು ಕೀಳೆಂದೆಣಿಸಿದ ಮನಸ್ಸು ಮಾತ್ರ ಎಷ್ಟು ನೀರೆರೆದರೂ ಶುದ್ಧವಾಗದು. ಅದನ್ನು ಹೊತ್ತು ಪೂಜೆಗೆ ಕುಳಿತವನು ಮೈಲಿಗೆಯಲ್ಲಿಯೇ ಕುಳಿತಿರುವನು.