ತಾಂಡ್ಯಕ್ಕೆ ಬೇಕಾದ ಸಿಸ್ಟರ್

ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ಒಂದು ವರ್ಷ ವಾರ್ಡ್ ಡ್ಯೂಟಿ ಮಾಡಿದ ಮಗಳು ಎಂ.ಎಸ್ಸಿ.ಗೆ ಅರ್ಜಿ ಹಾಕುತ್ತೇನೆ ಎಂದರೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಫೀಸು ಎಷ್ಟು ಎಂಬುದು. ಆಮೇಲೆ, ಮೈಸೂರಿನಲ್ಲೇ ಸೀಟು ಸಿಕ್ಕೀತೇ, ಬೆಂಗಳೂರಿಗೆ ಹೋಗಬೇಕೇ? ನಂಜನಗೂಡಿನ ಬಳಿಯ ತಾಂಡ್ಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಶಿಫ್ಟ್ ದುಡಿದು ಮಗಳನ್ನು ಓದಿಸಿದ ಅಪ್ಪ ಹೀಗೆ ಕೇಳುವುದು ನ್ಯಾಯವೇ. ಆದರೆ ಓದು ಮುಗಿದ ಮೇಲೆ ತಾನು ಯಾರ ಹತ್ತಿರ ಇರಬೇಕು ಎಂಬುದನ್ನು ಅವಳೇ ಯೋಚಿಸಬೇಕು.

ಎಂ.ಎಸ್ಸಿ. ನರ್ಸಿಂಗ್ ಎರಡು ವರ್ಷದ ಓದು. ವೈದ್ಯಕೀಯ-ಶಸ್ತ್ರಚಿಕಿತ್ಸೆ, ಮಕ್ಕಳ ಆರೋಗ್ಯ, ಹೆರಿಗೆ ಮತ್ತು ಸ್ತ್ರೀರೋಗ, ಮನೋರೋಗ, ಸಮುದಾಯ ಆರೋಗ್ಯ ಎಂದು ಐದು ವಿಭಾಗ. ಯಾವುದನ್ನು ಹಿಡಿದರೂ, ಮುಗಿಸಿದವರಲ್ಲಿ ಬಹಳ ಮಂದಿ ಕಾಲೇಜಿನಲ್ಲಿ ಪಾಠ ಹೇಳಲು ಹೋಗುತ್ತಾರೆ. ಒಳ್ಳೆಯ ಮೇಡಂಗಳೂ ಬೇಕು, ನಿಜ. ರೋಗಿಯ ಪಕ್ಕದಲ್ಲಿದ್ದಾಗಲೇ ಕೈ ಚುರುಕಾಗುವವಳು ವಾರ್ಡ್ ಬಿಟ್ಟುಬಿಟ್ಟರೆ ಮಾತ್ರ ಆಸ್ಪತ್ರೆಗೂ ನಷ್ಟ, ಅವಳಿಗೂ ಕೊರಗು. ಅಂಥವಳಿಗೆ ಐಸಿಯು ಕೆಲಸಕ್ಕೆಂದೇ ಭಾರತೀಯ ನರ್ಸಿಂಗ್ ಪರಿಷತ್ತು ರೂಪಿಸಿದ ನರ್ಸ್ ಪ್ರಾಕ್ಟಿಷನರ್ ಕೋರ್ಸ್ ಇದೆ. ಅದೂ ಎರಡು ವರ್ಷದ್ದೇ. ಕಲಿಕೆಯ ಹೆಚ್ಚಿನ ಪಾಲು ರೋಗಿಗಳ ನಡುವೆ. ಮನೋರೋಗದ ಕಡೆ ಮನಸ್ಸಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ.

ನನ್ನ ಒಲವು ಸಮುದಾಯ ಆರೋಗ್ಯದ ಕಡೆಗೆ. 2020ರ ಮಾರ್ಚ್ ಕೊನೆಗೆ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೊರೊನಾ ಕಾಣಿಸಿಕೊಂಡು, ಸಾವಿರಕ್ಕೂ ಹೆಚ್ಚು ಮಂದಿ ಮನೆಯೊಳಗೇ ಪ್ರತ್ಯೇಕವಾಗಿ ಉಳಿಯಬೇಕಾಯಿತು. ಆಗ ಆಸ್ಪತ್ರೆಯಷ್ಟೇ ಕೆಲಸ ಬೀದಿಯಲ್ಲೂ ಇತ್ತು. ಯಾರು ಯಾರ ಜೊತೆ ಊಟಕ್ಕೆ ಕೂತಿದ್ದರು, ಯಾವ ಬಸ್ಸಿನಲ್ಲಿ ಬಂದರು ಎಂದು ತಾಳ್ಮೆಯಿಂದ ಕೇಳಬೇಕಿತ್ತು. ಹೆದರಿದ ಮನೆಗೆ ಧೈರ್ಯ ಹೇಳಿ, ಮಾರನೆಯ ದಿನ ಮತ್ತೆ ವಿಚಾರಿಸಬೇಕಿತ್ತು. ಸಮುದಾಯ ಆರೋಗ್ಯದ ನರ್ಸ್ ಕಲಿಯುವುದು ಇದನ್ನೇ.

ಸಾಂಕ್ರಾಮಿಕ ಹೋದರೂ ಕೆಲಸ ಮುಗಿಯುವುದಿಲ್ಲ. ಕೈಗಾರಿಕಾ ಪ್ರದೇಶವೆಂದರೆ ಮಷೀನಿಗೆ ಬೆರಳು ಸಿಕ್ಕಿದವರು, ಘಾಟಿಗೆ ಕೆಮ್ಮು ಹಿಡಿದವರು, ನೈಟ್ ಶಿಫ್ಟಿನಲ್ಲಿ ಊಟ ನಿದ್ದೆ ತಪ್ಪಿ ಬಿಪಿ, ಶುಗರ್ ಏರಿಸಿಕೊಂಡವರು ಎಲ್ಲರೂ ಇರುವ ಜಾಗ. 500ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ವೈದ್ಯರು, ನರ್ಸ್‌ಗಳ ಉಸ್ತುವಾರಿಯ ಚಿಕಿತ್ಸಾ ಕೊಠಡಿ ಇರಲೇಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯೇ ಹೇಳಿತ್ತು. ಆ ಕೊಠಡಿಯ ಸಿಸ್ಟರ್ ಬ್ಯಾಂಡೇಜ್ ಕಟ್ಟಿ ಕಳಿಸಿದರೆ ಸಾಲದು. ಒಂದೇ ಮಷೀನಿನಿಂದ ಎರಡನೆಯ ಗಾಯ ಬಂದಾಗ ಕಾರಣ ಹುಡುಕುವಷ್ಟು ಓದಿರಬೇಕು. ನಂಜನಗೂಡು, ತಿ. ನರಸೀಪುರದ ಹಳ್ಳಿಗಳಿಗೂ ಇಂಥವರು ಬೇಕು: ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಯಾಗಿರುವ ಬಿ.ಎಸ್ಸಿ. ನರ್ಸಿಂಗ್ ಪದವೀಧರರಿಗೆ ಈ ವಿಭಾಗದ ಎಂ.ಎಸ್ಸಿ. ಸಹಜವಾದ ಮುಂದಿನ ಹೆಜ್ಜೆ.

ಸೀಟಿಗಾಗಿ ಕಾಲೇಜಿಗೆ ಹೋದಾಗ ಕಟ್ಟಡ ನೋಡಿ ಬರಬೇಡಮ್ಮ. ತರಬೇತಿಗೆ ಯಾವ ಆಸ್ಪತ್ರೆ, ಯಾವ ಪ್ರಾಥಮಿಕ ಆರೋಗ್ಯ ಕೇಂದ್ರ, ವಾರಕ್ಕೆ ಎಷ್ಟು ದಿನ ಎಂದು ಕೇಳು. ಪ್ರಬಂಧಕ್ಕೆ ಮಾರ್ಗದರ್ಶನ ಮಾಡುವವರು ಕಾಲೇಜಿನಲ್ಲೇ ಇದ್ದಾರೆಯೇ, ಹೆಸರಿಗೆ ಮಾತ್ರವೇ ಎಂದು ವಿಚಾರಿಸು. ಹೋದ ವರ್ಷ ಓದು ಮುಗಿಸಿದ ಇಬ್ಬರು ಅಕ್ಕಂದಿರ ಜೊತೆ, ಕಾಲೇಜಿನವರು ಎದುರಿಗಿಲ್ಲದಾಗ, ಮಾತಾಡು.