ಅಂಗಿಯ ಋಣ

ಅಂಗಡಿಯಲ್ಲಿ ತೂಗುಹಾಕಿದ ಅಂಗಿಯ ಕಾಲರಿನ ಒಳಗೆ ಹೊಲಿದ ಚೀಟಿ ಹೇಳುವುದು ಬಹಳ ಕಡಿಮೆ. ಸೈಜು ಎಷ್ಟು, ಬಟ್ಟೆ ಯಾವುದರದು, ಹೊಲಿದ ದೇಶ ಯಾವುದು, ಒಗೆಯುವುದು ಹೇಗೆ, ಅಷ್ಟೆ. ಹತ್ತಿ ಬೆಳೆದವನ ಸಾಲವಾಗಲಿ, ನೂಲಿನ ಗಿರಣಿಯಲ್ಲಿ ರಾತ್ರಿ ಪಾಳಿ ಮಾಡಿದವಳ ಕೂಲಿಯಾಗಲಿ, ಬಣ್ಣದ ನೀರು ಹರಿದುಹೋದ ಹಳ್ಳವಾಗಲಿ ಅದರಲ್ಲಿ ಕಾಣುವುದಿಲ್ಲ. ನಾಲ್ಕು ವರ್ಷವಾದರೂ ಬಾಳಿಕೆ ಬರಬೇಕು, ಮಾಡಿದವರಿಗೆ ಅನ್ಯಾಯವೂ ಆಗಿರಬಾರದು ಎಂದುಕೊಂಡು ಬಟ್ಟೆ ಕೊಳ್ಳಲು ಹೊರಟವರು ಸುಸ್ತಾಗುವುದು ಇಲ್ಲಿಯೇ. ಇದನ್ನು ನಾವು ಸಾಮಾನ್ಯವಾಗಿ ಮಾರುಕಟ್ಟೆಯ ತೊಡಕೆಂದು ನೋಡುತ್ತೇವೆ: ಮಾಹಿತಿ ಸಾಲದು, ಸರಿಯಾದ ಅಂಗಡಿ ಗೊತ್ತಿಲ್ಲ, ಕೈಯಲ್ಲಿ ದುಡ್ಡಿಲ್ಲ. ನನಗೆ ಅದು ಮೊದಲು ಧರ್ಮದ ಪ್ರಶ್ನೆಯಾಗಿ ಕಾಣುತ್ತದೆ. ಕಣ್ಣಿಗೆ ಬೀಳದ ಕಡೆ, ಹೆಸರೂ ಗೊತ್ತಿಲ್ಲದವರಿಗೆ ಆದ ಹಿಂಸೆಗೆ ಕೊಂಡವನು ಎಷ್ಟರ ಮಟ್ಟಿಗೆ ಹೊಣೆ? ಈ ಪ್ರಶ್ನೆಗೆ ನಾವು ಮಡಿಯಲ್ಲಿ ಉತ್ತರ ಹುಡುಕುತ್ತಿದ್ದೇವೆ, ಹುಡುಕಬೇಕಾದದ್ದು ಋಣದ ಲೆಕ್ಕದಲ್ಲಿ ಎಂಬುದು ನನ್ನ ವಾದ.

ಬಟ್ಟೆಯ ಶುದ್ಧಿಗೆ ನಮ್ಮಷ್ಟು ತಲೆಕೆಡಿಸಿಕೊಂಡವರು ಕಡಿಮೆ. ಒಗೆದು, ಯಾರೂ ಮುಟ್ಟದಂತೆ ಗಳುವಿನ ಮೇಲೆ ಹರವಿ, ಕೋಲಿನಿಂದ ಇಳಿಸಿಕೊಂಡು ಉಟ್ಟರೆ ಮಡಿ. ಹತ್ತಿಗೆ ಈ ಕಟ್ಟುಪಾಡು ದಿನವೂ ಉಂಟು. ರೇಷ್ಮೆಗೆ ಅಷ್ಟಿಲ್ಲ, ಅದು ಹೆಚ್ಚುಕಡಿಮೆ ಹುಟ್ಟಿನಿಂದಲೇ ಮಡಿ. ಆದರೆ ರೇಷ್ಮೆಯ ಹುಟ್ಟು ಹೇಗಿದೆ ನೋಡಿ. ರಾಮನಗರದ ಮಾರುಕಟ್ಟೆಯಲ್ಲಿ ಹರಾಜಾದ ಗೂಡು ನೂಲು ಬಿಚ್ಚುವವರ ಮನೆ ಸೇರಿ, ಕುದಿನೀರಿನಲ್ಲಿ ಬೆಂದು ಅಂಟು ಬಿಡುತ್ತದೆ. ಒಳಗಿನ ಹುಳು ಸಾಯುತ್ತದೆ. ಬೆಂದ ಗೂಡಿನ ಮೇಲೆ ಬೆರಳಾಡಿಸಿ ಎಳೆಯ ತುದಿ ಹಿಡಿಯಬೇಕು. ದಿನವಿಡೀ ಬಿಸಿನೀರಿನಲ್ಲಿ ಅದ್ದಿದ ಕೈಯ ಚರ್ಮ ಬಿಳಿಚಿ, ಸುಲಿದು, ಹುಣ್ಣಾಗುತ್ತದೆ. ಸಾಲಕ್ಕೆ ಒತ್ತೆಯಿಟ್ಟ ಮಕ್ಕಳಿಂದ ಈ ಕೆಲಸ ಮಾಡಿಸುತ್ತಿದ್ದುದನ್ನು ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ಪ್ರಕಟಿಸಿದ ವರದಿ ದಾಖಲಿಸಿದೆ. ಅದರಲ್ಲಿ ಕರ್ನಾಟಕವೂ ಇದೆ. ಅಂಥ ಕೈಗಳಿಂದ ಬಂದ ನೂಲಿನ ಸೀರೆ ಪೂಜೆಗೆ ಉಡುವಾಗ ಮಡಿಯೇ. ಯಾಕೆಂದರೆ ಮಡಿ ಕೇಳುವುದು ಬಟ್ಟೆಯನ್ನು ಯಾರು ಮುಟ್ಟಿದರು ಎಂದು ಮಾತ್ರ, ಯಾರನ್ನು ನೋಯಿಸಿ ತಂದದ್ದು ಎಂದಲ್ಲ. ಒಗೆದವನನ್ನೂ ನೇಯ್ದವನನ್ನೂ ಹೊಸಿಲ ಆಚೆ ನಿಲ್ಲಿಸಿ, ಅವರ ದುಡಿಮೆಯನ್ನು ಮಾತ್ರ ಒಳಗೆ ತೆಗೆದುಕೊಂಡ ಶುದ್ಧಿ ಅದು.

ಇವತ್ತಿನ ‘ನೈತಿಕ ಉಡುಪಿನ’ ಮಾರುಕಟ್ಟೆ ಈ ಮಡಿಯನ್ನೇ ಬೇರೆ ಹೆಸರಿನಲ್ಲಿ ಮಾರುತ್ತಿದೆ ಎಂದು ನನ್ನ ಗುಮಾನಿ. ಆರ್ಗ್ಯಾನಿಕ್, ಫೇರ್ ಟ್ರೇಡ್, ಸಸ್ಟೈನಬಲ್ ಎಂಬ ಬಿಲ್ಲೆ ಇದ್ದರೆ ತೊಟ್ಟವನಿಗೆ ಪಾಪ ಸೋಂಕುವುದಿಲ್ಲ ಎಂಬ ಭರವಸೆ. ಆ ಭರವಸೆ ಎಷ್ಟು ಗಟ್ಟಿ? ಸಾವಯವ ಬಟ್ಟೆಗೆ ಜಗತ್ತೇ ಮಾನ್ಯ ಮಾಡುವ ಮುದ್ರೆ ಗಾಟ್ಸ್. ಭಾರತದಲ್ಲಿ 20,000 ಟನ್ ಹತ್ತಿ ನಕಲಿ ಪ್ರಮಾಣಪತ್ರದ ಮೇಲೆ ಸಾವಯವವಾಗಿ ಸಾಗಿಹೋಗಿದೆ ಎಂದು 2020ರಲ್ಲಿ ಆ ಮುದ್ರೆಯ ಹಿಂದಿನ ಸಂಸ್ಥೆಯೇ ಒಪ್ಪಿಕೊಳ್ಳಬೇಕಾಯಿತು. ಹತ್ತಿ ಅಸಲಿಯೇ ಇರಲಿ, ಮುಂದಿನ ಹಂತಗಳಿವೆ. ಮೂರು ವರ್ಷ ದುಡಿದರೆ ಮದುವೆಗೆ ಇಡುಗಂಟು ಕೊಡುತ್ತೇವೆಂದು ಹಳ್ಳಿಯ ಹುಡುಗಿಯರನ್ನು ಕರೆತಂದು ಗಿರಣಿಯ ಹಾಸ್ಟೆಲ್ಲಿನಲ್ಲಿ ಇಟ್ಟುಕೊಳ್ಳುವ ‘ಸುಮಂಗಲಿ’ ಪದ್ಧತಿ ತಮಿಳುನಾಡಿನ ನೂಲು ಉದ್ಯಮಕ್ಕೆ ಅಂಟಿದ ಕಳಂಕ. ನೊಯ್ಯಲ್ ನದಿ ಹಾಳಾದ ಕಾರಣಕ್ಕೆ ತಿರುಪ್ಪೂರಿನ ಬಣ್ಣದ ಘಟಕಗಳನ್ನು ಮುಚ್ಚಿಸುವಂತೆ ಮದ್ರಾಸ್ ಹೈಕೋರ್ಟ್ 2011ರಲ್ಲಿ ಆದೇಶಿಸಿತು. ಹೆಚ್ಚು ದುಡ್ಡು ಕೊಟ್ಟರೂ ಖಾತರಿ ಇಲ್ಲ. ಬೆಂಗಳೂರಿನ ಒಂದೇ ಕಾರ್ಖಾನೆಯ ಅಕ್ಕಪಕ್ಕದ ಲೈನುಗಳಲ್ಲಿ ದುಬಾರಿ ಬ್ರ್ಯಾಂಡೂ ಅಗ್ಗದ ಬ್ರ್ಯಾಂಡೂ ಹೊಲಿಗೆಯಾಗಬಹುದು, ಹೊಲಿದವರ ಸಂಬಳ ಅದೇ. ಇನ್ನು ಹುಳುವನ್ನು ಕೊಲ್ಲದೆ, ಚಿಟ್ಟೆ ಹೊರಟುಹೋದ ಮೇಲೆ ಹರಿದ ಗೂಡಿನಿಂದ ನೂಲುವ ಅಹಿಂಸಾ ರೇಷ್ಮೆಯೂ ಇದೆ. ಹುಳು ಬದುಕಿತು, ಸಂತೋಷ. ನೂತವಳಿಗೆ ಎಷ್ಟು ಕೊಟ್ಟರು ಎಂಬುದನ್ನು ಆ ಹೆಸರು ಹೇಳುವುದಿಲ್ಲ. ಕಲೆಯೇ ಇಲ್ಲದ ಬಟ್ಟೆ ಹುಡುಕುವವರು ಕೊನೆಗೆ ಎರಡರಲ್ಲಿ ಒಂದು ಕಡೆ ಬಂದು ನಿಲ್ಲುತ್ತಾರೆ. ಸಿಗಲಿಲ್ಲವೆಂದು ಕೈಚೆಲ್ಲಿ ಸಿಕ್ಕಿದ್ದನ್ನು ಕೊಳ್ಳುತ್ತಾರೆ. ಇಲ್ಲವೆ ಸಿಕ್ಕಿತೆಂದು ನಂಬಿ, ಅಗ್ಗದ ಅಂಗಿ ತೊಟ್ಟವರನ್ನು ಒಂದು ಮೆಟ್ಟಿಲು ಕೆಳಗಿಟ್ಟು ನೋಡುತ್ತಾರೆ. ಎರಡನೆಯದು ನನಗೆ ಹೆಚ್ಚು ಅಪಾಯವಾಗಿ ಕಾಣುತ್ತದೆ.

ಹಾಗಾದರೆ ಗೊತ್ತಿಲ್ಲದ್ದಕ್ಕೆ ಹೊಣೆಯೂ ಇಲ್ಲ ಎನ್ನೋಣವೆ? ಈ ಚರ್ಚೆ ನಮ್ಮಲ್ಲಿ ಹಳೆಯದು. ಬೌದ್ಧ ಭಿಕ್ಷುವಿನ ಭಿಕ್ಷಾಪಾತ್ರೆಗೆ ಮಾಂಸ ಬಿದ್ದರೆ ಮೂರು ಷರತ್ತಿನ ಮೇಲೆ ಅದು ಗ್ರಾಹ್ಯ: ತನಗಾಗಿ ಕೊಂದದ್ದನ್ನು ಕಂಡಿರಬಾರದು, ಕೇಳಿರಬಾರದು, ಹಾಗೆಂದು ಶಂಕೆಯೂ ಇರಬಾರದು. ಅಂಗಡಿಯ ಗಿರಾಕಿ ತನ್ನ ಪರ ಇದೇ ವಾದ ಹೂಡಬಹುದು; ರೆಡಿಮೇಡ್ ಅಂಗಿಯನ್ನು ಯಾರೂ ಅವನ ಹೆಸರು ಹಿಡಿದು ಹೊಲಿದಿರುವುದಿಲ್ಲ. ಆದರೆ ಭಿಕ್ಷುವಿಗೆ ಸಿಗುತ್ತಿದ್ದದ್ದು ಮನೆಯವರು ತಮಗೆಂದು ಮಾಡಿಕೊಂಡದ್ದರಲ್ಲಿ ಒಂದು ಪಾಲು. ಗಿರಾಕಿಗಾದರೋ ಇಡೀ ಉತ್ಪಾದನೆ ಅವನಂಥವರ ತಲೆಯೆಣಿಸಿಯೇ ನಡೆದದ್ದು. ಶಂಕೆಯ ಮಾತಂತೂ ಎತ್ತುವಂತೆಯೇ ಇಲ್ಲ. ಢಾಕಾ ಬಳಿ ಗಾರ್ಮೆಂಟ್ಸ್ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ 2013ರ ಏಪ್ರಿಲ್ 24ರಂದು ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿದ್ದರೂ ಬೆಳಗ್ಗೆ ಅವರನ್ನು ಒಳಗೆ ಕಳಿಸಲಾಗಿತ್ತು. ಅದಾದ ಮೇಲೆ ಅಗ್ಗದ ಬಟ್ಟೆಯ ಬಗ್ಗೆ ಶಂಕೆಯೇ ಬರಲಿಲ್ಲ ಎನ್ನುವವರು ಶಂಕೆ ಪಡಲು ಇಷ್ಟಪಡದವರು. ಜೈನರ ವಿಚಾರ ಇನ್ನೂ ಸೂಕ್ಷ್ಮ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಹಿಂಸೆಯ ಹೊಣೆಯನ್ನು ಕೃತ, ಕಾರಿತ, ಅನುಮತ ಎಂದು ವಿಂಗಡಿಸುತ್ತದೆ: ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಸಮ್ಮತಿಸಿದ್ದು. ಇದನ್ನು ಮನಸ್ಸು, ಮಾತು, ದೇಹಗಳಿಗೂ, ಸಂಕಲ್ಪ, ಸಿದ್ಧತೆ, ಆರಂಭಗಳಿಗೂ, ಕಷಾಯಗಳೆಂಬ ನಾಲ್ಕು ಮನೋವಿಕಾರಗಳಿಗೂ ಗುಣಿಸಿ 108 ಬಗೆ ಎಣಿಸುತ್ತಾರೆ. ಎಲ್ಲವೂ ಒಂದೇ ತೂಕದ ಪಾಪ ಎಂದು ಹೆದರಿಸುವುದಕ್ಕಿಂತ, ಹೊಣೆ ತುಂಡುತುಂಡಾಗಿ ಹಂಚಿಹೋಗುತ್ತದೆ ಎಂದು ತೋರಿಸುವುದೇ ಈ ಲೆಕ್ಕದ ಉಪಯೋಗ. ಅಂಗಿ ಕೊಂಡವನು ಬಿರುಕು ಬಿಟ್ಟ ಕಟ್ಟಡದೊಳಗೆ ಕಾರ್ಮಿಕರನ್ನು ಕಳಿಸಿದವನಲ್ಲ, ಕಳಿಸಿ ಎಂದವನೂ ಅಲ್ಲ. ಆದರೆ ಆ ಬೆಲೆಗೆ ಹೇಗೆ ಸಾಧ್ಯವಾಯಿತೆಂದು ಕೇಳದೆ ಹಿಗ್ಗಿದಷ್ಟು ಮಟ್ಟಿಗೆ ಸಮ್ಮತಿಸಿದವನು.

ಹೀಗೆ ಪಾಲು ಹಂಚಿದ ಹೊಣೆಗೆ ಒಪ್ಪುವ ಮಾತು ಪಾಪವಲ್ಲ, ಋಣ. ಮೈಲಿಗೆ ಒಂದು ಹನಿಯಾದರೂ ಮೈಲಿಗೆಯೇ, ಅಲ್ಲಿ ಅರ್ಧ ಎಂಬುದಿಲ್ಲ. ಋಣಕ್ಕೆ ಮೊತ್ತವಿದೆ, ಕಂತಿದೆ, ಇಷ್ಟು ತೀರಿತು ಇಷ್ಟು ಉಳಿಯಿತು ಎಂಬ ಲೆಕ್ಕವಿದೆ. ದೇವ, ಋಷಿ, ಪಿತೃಗಳ ಋಣದ ಜೊತೆಗೆ ಮನುಷ್ಯರ ಋಣವನ್ನೂ ನಾಲ್ಕನೆಯದಾಗಿ ಶತಪಥ ಬ್ರಾಹ್ಮಣ ಹೇಳಿದೆ. ನಾವು ಮೊದಲ ಮೂರನ್ನು ಮಾತ್ರ ನೆನಪಿಟ್ಟುಕೊಂಡಿದ್ದೇವೆ.

ಮಡಿಗೂ ಋಣಕ್ಕೂ ಇರುವ ವ್ಯತ್ಯಾಸ ಖಾದಿಯ ಚರಿತ್ರೆಯಲ್ಲಿ ಸ್ಪಷ್ಟವಾಗಿದೆ. ಇಪ್ಪತ್ತನೆಯ ಶತಮಾನದ ಭಾರತದಲ್ಲಿ ಖಾದಿಗಿಂತ ಪವಿತ್ರವಾದ ಬಟ್ಟೆ ಇರಲಿಲ್ಲ. ಅದನ್ನು ಪ್ರಮಾಣೀಕರಿಸಲು ಅಖಿಲ ಭಾರತ ಚರಖಾ ಸಂಘ 1925ರಿಂದಲೇ ಇತ್ತು. ಆದರೂ ನೂಲುವ ಹೆಂಗಸಿಗೆ ದಿನಕ್ಕೆ ದಕ್ಕುತ್ತಿದ್ದದ್ದು ಪುಡಿಗಾಸು. ಖಾದಿಯನ್ನು ಅಗ್ಗ ಮಾಡಬೇಕೆಂದು ಸಂಘ ವರ್ಷಗಟ್ಟಲೆ ದುಡಿದದ್ದರ ಭಾರ ಬಿದ್ದದ್ದು ಅವಳ ಮೇಲೆಯೇ. 1935ರಲ್ಲಿ ಗಾಂಧೀಜಿ ಈ ಲೆಕ್ಕವನ್ನು ತೆರೆದರು. ಎಂಟು ಗಂಟೆ ನೂತವಳಿಗೆ ಎಂಟಾಣೆ ಸಿಗಬೇಕು ಎಂದರು. ಬೆಲೆ ಏರಿದರೆ ಖಾದಿ ಕೊಳ್ಳುವವರೇ ಇರುವುದಿಲ್ಲ, ಚಳವಳಿಯೇ ಕುಸಿಯುತ್ತದೆ ಎಂದು ಕಾರ್ಯಕರ್ತರು ಗಾಬರಿಯಾದರು. ಕೊನೆಗೆ ಜೀವನಕ್ಕೆ ಸಾಲುವ ಕೂಲಿಯ ತತ್ತ್ವವನ್ನು ಸಂಘ ಒಪ್ಪಿತು, ಮೊತ್ತ ಮಾತ್ರ ಎಂಟಾಣೆಗಿಂತ ಬಹಳ ಕೆಳಗೆ ನಿಂತಿತು. ಗಾಂಧಿ ಇಲ್ಲಿ ಖಾದಿಯನ್ನು ಅಶುದ್ಧವೆಂದು ಬಿಸಾಡಲಿಲ್ಲ, ಶುದ್ಧವೆಂದು ಸುಮ್ಮನಾಗಲೂ ಇಲ್ಲ. ಬಾಕಿ ಇದೆ, ಕೊಡೋಣ ಎಂದರು. ಪೂರ್ತಿ ಕೊಡಲಾಗಲಿಲ್ಲ. ಹತ್ತು ವರ್ಷ ಪೂಜೆ ಮಾಡಿಸಿಕೊಂಡ ಬಟ್ಟೆಯ ಬಗ್ಗೆ ಅದನ್ನು ಪೂಜೆಗಿಟ್ಟವನೇ ಇಂಥ ಪ್ರಶ್ನೆ ಎತ್ತಿದ್ದು ಸಣ್ಣ ಮಾತಲ್ಲ.

ಬಟ್ಟೆಯ ಗುಣಮಟ್ಟ ಕೆಟ್ಟದ್ದೂ ಈ ಲೆಕ್ಕದ ಒಳಗೇ ಬರುತ್ತದೆ. ಮೊದಲೆಲ್ಲ ಬೀದಿ ಕೊನೆಯ ದರ್ಜಿ ಬ್ಲೌಸಿನ ಪಕ್ಕದಲ್ಲಿ ಒಂದಿಂಚು ಬಟ್ಟೆ ಒಳಗೆ ಬಿಟ್ಟು ಹೊಲಿಯುತ್ತಿದ್ದ. ಮೈ ಬಂದಾಗ ಹೊಲಿಗೆ ಬಿಚ್ಚಿ ಸಡಿಲ ಮಾಡಿಸಬಹುದಿತ್ತು. ಇವತ್ತಿನ ರೆಡಿಮೇಡ್ ಉಡುಪನ್ನು ತಿರುಗಿಸಿ ನೋಡಿದರೆ ಅಂಚಿಗೆ ಓವರ್‌ಲಾಕ್ ಹೊಡೆದಿರುತ್ತದೆ, ಒಳಗೆ ಬಿಟ್ಟ ಬಟ್ಟೆ ಇರುವುದಿಲ್ಲ. ಸಾವಿರಾರು ಪೀಸಿನಲ್ಲಿ ಅಷ್ಟಷ್ಟು ಬಟ್ಟೆ ಉಳಿಸಿದರೆ ಆರ್ಡರು ಸಿಗುವಷ್ಟು ಬೆಲೆ ಇಳಿಯುತ್ತದೆ. ಬಟ್ಟೆಯಲ್ಲಿ ಉಳಿಸಿದ ಹಾಗೆಯೇ ಹೊತ್ತಿನಲ್ಲೂ ಉಳಿಸುತ್ತಾರೆ. ಲೈನಿನಲ್ಲಿ ಒಬ್ಬಳು ಕಾಲರ್ ಮಾತ್ರ, ಇನ್ನೊಬ್ಬಳು ಕಫ್ ಮಾತ್ರ ಕೂರಿಸುತ್ತಾಳೆ. ಗಂಟೆಗೊಮ್ಮೆ ಬೋರ್ಡಿನ ಮೇಲೆ ಪೀಸಿನ ಲೆಕ್ಕ ಬೀಳುತ್ತದೆ, ಟಾರ್ಗೆಟ್ ತುಂಬದಿದ್ದರೆ ಸೂಪರ್‌ವೈಸರನ ಬೈಗುಳ. ಟಾಯ್ಲೆಟ್ಟಿಗೆ ಏಳಬೇಕಾಗುತ್ತದೆ ಎಂದು ನೀರು ಕುಡಿಯದೆ ಕೂರುವವರು ಎಷ್ಟೋ ಮಂದಿ. ಎರಡು ಒಗೆತಕ್ಕೆ ಹೊಲಿಗೆ ಬಿಡುವ ಅಂಗಿಯೂ ಮೂತ್ರದ ಸೋಂಕಿನಿಂದ ನರಳುವ ಟೈಲರ್ ಹೆಂಗಸೂ ಒಂದೇ ಅವಸರದಿಂದ ಬಂದದ್ದು. ಇದಕ್ಕೆ ಎದುರಾಗಿ ಇಳಕಲ್ ಸೀರೆಯನ್ನು ಇಡಿ. ಒಡಲಿನ ಹಾಸು ಎಳೆಗಳನ್ನೂ ಸೆರಗಿನ ಹಾಸು ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ಅದರ ನೇಯ್ಗೆ. ಆ ಕೊಂಡಿಯ ಕೆಲಸಕ್ಕೆ ಅವಸರ ಆಗಿಬರುವುದಿಲ್ಲ. ಕೈಮಗ್ಗಕ್ಕೆಂದೇ ಕೆಲವು ಬಗೆಯ ಬಟ್ಟೆ ಮೀಸಲಿಡುವ ಕಾಯ್ದೆ 1985ರಿಂದ ಇದ್ದರೂ ಪವರ್‌ಲೂಮಿನ ನಕಲು ಸಂತೆಸಂತೆಯಲ್ಲೂ ಸಿಗುತ್ತದೆ. ಅಸಲಿಯ ಬೆಲೆಯನ್ನು ಅದರ ಪಕ್ಕದಲ್ಲೇ ತೂಗುವ ನಕಲಿ ತೀರ್ಮಾನಿಸಿಬಿಡುತ್ತದೆ, ನೇಕಾರ ಆ ಬೆಲೆಗೆ ಇಳಿಯುತ್ತಾನೆ.

ಇದೆಲ್ಲ ಉಳ್ಳವರ ತಲೆಬಿಸಿ, ತಿಂಗಳ ಸಂಬಳದಲ್ಲಿ ಮಕ್ಕಳ ಫೀಸು ಕಟ್ಟಿ ಉಳಿದದ್ದರಲ್ಲಿ ಬಟ್ಟೆ ಕೊಳ್ಳುವವರಿಗೆ ಯಾಕೆ ಎಂಬ ಆಕ್ಷೇಪ ಬರುತ್ತದೆ, ಬರಬೇಕು ಕೂಡ. ಮಡಿಯ ದಾರಿಗೆ ಇದಕ್ಕೆ ಉತ್ತರವಿಲ್ಲ. ಅಗ್ಗದ ಬಟ್ಟೆ ತೊಟ್ಟ ಬಡವಳು ಅಲ್ಲಿ ಮೈಲಿಗೆಯವಳೇ ಆಗುತ್ತಾಳೆ. ಋಣದ ಲೆಕ್ಕದಲ್ಲಿ ಹಾಗಲ್ಲ. ವರ್ಷಕ್ಕೆ ಎರಡು ಜೊತೆ ಕೊಂಡು, ಹರಿಯುವ ತನಕ ಉಟ್ಟು, ಆಮೇಲೆ ಕೌದಿಗೆ ಸೇರಿಸುವವಳ ಬಾಕಿ ಬಹಳ ಕಡಿಮೆ. ಬೀರುವಿನಲ್ಲಿ ತೊಡದ ಬಟ್ಟೆ ತುಂಬಿಕೊಂಡವನು, ಅಷ್ಟೂ ಕೈಮಗ್ಗದ್ದೇ ಆದರೂ, ದೊಡ್ಡ ಸಾಲಗಾರ. ಇನ್ನು ಕೊಳ್ಳುವುದು ನಿಲ್ಲಿಸಿದರೆ ದುಡಿಯುವವರ ಅನ್ನಕ್ಕೇ ಕಲ್ಲು ಬೀಳುತ್ತದೆ ಎನ್ನುವುದು ನಿಜ. 2020ರಲ್ಲಿ ವಿದೇಶಿ ಬ್ರ್ಯಾಂಡುಗಳು ಆರ್ಡರ್ ರದ್ದು ಮಾಡಿದಾಗ ಮೊದಲು ಕೆಲಸ ಕಳೆದುಕೊಂಡದ್ದು ಹೊಲಿಯುವ ಹೆಂಗಸರು. ಹಳ್ಳಿಯ ಜೀತದಿಂದ, ಮನೆಯ ಕಾವಲಿನಿಂದ ಎಷ್ಟೋ ಮಂದಿಯನ್ನು ಹೊರತಂದದ್ದು ಗಾರ್ಮೆಂಟ್ಸಿನ ಸಂಬಳವೇ ಎಂಬುದನ್ನೂ ಅಲ್ಲಗಳೆಯಲಾಗದು. ಆದ್ದರಿಂದಲೇ ಬಹಿಷ್ಕಾರ ನನಗೆ ಒಪ್ಪಿಗೆಯಲ್ಲ; ಅದೂ ಮಡಿಯ ಹಾಗೆ ದೂರ ಸರಿಯುವ ಉಪಾಯ. ಸಾಲಗಾರನು ಸಾಲ ಕೊಟ್ಟವನ ಮನೆ ಕಡೆ ಹೋಗುವುದನ್ನೇ ಬಿಟ್ಟರೆ ಸಾಲ ತೀರುವುದಿಲ್ಲ.

ಒಬ್ಬನಿಂದ ಏನಾದೀತು ಎಂಬ ಕೊನೆಯ ಆಕ್ಷೇಪದಲ್ಲೂ ಅರ್ಧ ಸತ್ಯವಿದೆ. ಬದಲಾವಣೆ ತಂದದ್ದು ಗಿರಾಕಿಗಳ ಆಯ್ಕೆಯಲ್ಲ. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷದ ತನಕ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಾಗ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಗೆ ಇಳಿದರು. ಎರಡು ದಿನದಲ್ಲಿ ನಿಯಮ ವಾಪಸಾಯಿತು. ರಾಣಾ ಪ್ಲಾಜಾದ ನಂತರ ಬಾಂಗ್ಲಾದೇಶದ ಕಟ್ಟಡಗಳು ಸುಧಾರಿಸಿದ್ದು ಕಾರ್ಮಿಕ ಸಂಘಗಳ ಜೊತೆ ಬ್ರ್ಯಾಂಡುಗಳು ಕಾನೂನಿಗೆ ಬದ್ಧವಾದ ಒಪ್ಪಂದಕ್ಕೆ ಸಹಿ ಹಾಕಿದ್ದರಿಂದ. ದುಡಿಯುವವರಿಗೆ ಬೇಕಾದದ್ದು ಕೊಳ್ಳುವವರ ಕನಿಕರವಲ್ಲ. ಅವರು ಕೇಳುವಾಗ ಎದುರು ನಿಲ್ಲದೆ ಜೊತೆಗೆ ನಿಲ್ಲುವ ಜನ. ಇಲ್ಲಿ ಶರಣೆ ಆಯ್ದಕ್ಕಿ ಲಕ್ಕಮ್ಮನ ಕಥೆ ದಾನದ ಕಥೆಗಳಿಗಿಂತ ಹೆಚ್ಚು ಹತ್ತಿರ. ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅವಳು ಅದನ್ನು ಯಾರಿಗೋ ದಾನ ಮಾಡಿ ಪುಣ್ಯ ಕಟ್ಟಿಕೊಳ್ಳಲಿಲ್ಲ, ತಂದಲ್ಲಿಯೇ ಸುರಿದು ಬಾ ಎಂದು ತಿರುಗಿ ಕಳಿಸಿದಳು. ನಮ್ಮ ಅಗ್ಗದ ಅಂಗಿಯಲ್ಲಿ ಇರುವ ಹೆಚ್ಚುವರಿಯೂ ಹಾಗೆ, ಬಂದ ಕಡೆಗೆ ಹೋಗಬೇಕಾದದ್ದು.

ಅದನ್ನು ಕಳಿಸುವ ದಾರಿ ತೀರಾ ಮಾಮೂಲಿ. 2020ರ ಏಪ್ರಿಲ್‌ನಿಂದ ಸಿಗಬೇಕಿದ್ದ ತುಟ್ಟಿಭತ್ಯೆ ಕರ್ನಾಟಕದ ಹಲವು ಗಾರ್ಮೆಂಟ್ಸ್ ಕಾರ್ಖಾನೆಗಳ ಕಾರ್ಮಿಕರ ಕೈಸೇರಲು 2022 ಬರಬೇಕಾಯಿತು. ಆ ಎರಡು ವರ್ಷವೂ ನಾವು ಬಟ್ಟೆ ಕೊಳ್ಳುತ್ತಲೇ ಇದ್ದೆವು. ಕನಿಷ್ಠ ವೇತನ ಪರಿಷ್ಕರಿಸಲು ಸರ್ಕಾರ ಕರಡು ಪ್ರಕಟಿಸಿದರೆ, ಆಕ್ಷೇಪಣೆ ಮತ್ತು ಸಲಹೆಗೆ ಕನಿಷ್ಠ ಎರಡು ತಿಂಗಳು ಅವಕಾಶ ಕೊಡಬೇಕೆಂದು ಕಾನೂನಿದೆ. ಇಷ್ಟು ಕೊಡಲಾಗದು ಎಂದು ಮಾಲೀಕರ ಸಂಘಗಳು ತಪ್ಪದೆ ಬರೆಯುತ್ತವೆ, ಸಾಲದು ಎಂದು ಕಾರ್ಮಿಕ ಸಂಘಗಳು ಬರೆಯುತ್ತವೆ. ಗಾರ್ಮೆಂಟ್ಸಿನ ಮುಂದಿನ ಕರಡು ಬಂದಾಗ, ಅಂಗಿಗೆ ಇನ್ನಷ್ಟು ಬೆಲೆ ಕೊಡಲು ಸಿದ್ಧರಿದ್ದೇವೆ, ಆ ಕೂಲಿ ಕೊಡಿ ಎಂದು ಕೊಳ್ಳುವವರೂ ಕಾರ್ಮಿಕ ಇಲಾಖೆಗೆ ಒಂದು ಕಾಗದ ಹಾಕಿ.